ಅಂಕವಿಲ್ಲದ ಗೋದಲಿ

ಆಗಮನ ಕಾಲದ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ ಮಕ್ಕಳ ಧರ್ಮೋಪದೇಶದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದೆ. ಹಿಂದೆ ನನ್ನ ಕನ್ನಡ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಬಂದು ನಿಂತಳು. ಈಗ ಅವಳಿಗೇ ಇಬ್ಬರು ಮಕ್ಕಳು, ಬ್ಯಾಂಕಿನಲ್ಲಿ ಕೆಲಸ. "ಟೀಚರ್, ಒಂದು ಕೇಳ್ಲಿಕ್ಕಿತ್ತು. ಕ್ರಿಸ್‌ಮಸ್ ಹತ್ತಿರ ಬಂತು ಅಂದ್ರೆ ನಂಗೆ ಎದೆ ಹೊಡ್ಕೊಳ್ತದೆ. ಮುಗಿದ ಮರುದಿನವೇ ಸರಿಯಾಗಿ ಉಸಿರು ಬಿಡ್ಲಿಕ್ಕೆ ಆಗೂದು. ದೇವರ ಹಬ್ಬ ಮುಗೀತಲ್ಲ ಅಂತ ಸಮಾಧಾನ ಆಗೂದು ಪಾಪವಾ?"

ಪಾಪವಲ್ಲ ಎಂದು ಅಲ್ಲೇ ಹೇಳಿದೆ. ಅವಳ ಮುಖ ತುಸು ಸಡಿಲಾಯಿತು, ಮಕ್ಕಳು ಎಳೆದರು, ಹೋದಳು. ಆದರೆ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಯೇಸು ಹುಟ್ಟಿದ ಸುದ್ದಿಯನ್ನು ದೇವದೂತ 'ಹೆದರಬೇಡಿ' ಎಂಬ ಮಾತಿನಿಂದ ಶುರುಮಾಡಿದ ಹಬ್ಬಕ್ಕೆ ಒಬ್ಬ ಹೆಣ್ಣುಮಗಳು ಹೆದರುತ್ತಾಳೆ ಎಂದರೆ ನಾವೆಲ್ಲ ಕೂತು ಯೋಚಿಸಬೇಕಾದ್ದಿದೆ.

ಅವಳು ಹೆದರುವುದು ಯಾವುದಕ್ಕೆಂದು ಮಂಗಳೂರಿನ ಕಥೊಲಿಕ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಡಿಸೆಂಬರ್ ಬಂತೆಂದರೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಆಗಬೇಕು. ನೆವ್ರಿಗೆ ಎಳ್ಳು ಹುರಿಯಬೇಕು, ಕಾಯಿ ತುರಿಯಬೇಕು. ಕಿಡ್ಯೊ ಒಂದೊಂದನ್ನೂ ಬಾಚಣಿಗೆಯ ಮೇಲೊತ್ತಿ ಸುರುಳಿ ಮಾಡಬೇಕು. ಕೊಕ್ಕಿಸಾಂ ಅಚ್ಚು ಸರಿಯಾಗಿ ಕಾಯದಿದ್ದರೆ ಹಿಟ್ಟು ಬಿಡುವುದಿಲ್ಲ, ಹೆಚ್ಚು ಕಾದರೆ ಕರಟುತ್ತದೆ. ಗುಳಿಯೊ, ತುಕ್ಡಿ, ಚಕ್ಕುಲಿ, ಲಾಡು, ಕೇಕು. ಮನೆಗೆ ಸುಣ್ಣಬಣ್ಣ, ಮಕ್ಕಳಿಗೆ ಹೊಸ ಬಟ್ಟೆ, ಗೇಟಿಗೆ ನಕ್ಷತ್ರ. ಯೇಸುವಿನ ಹುಟ್ಟಿನ ದೃಶ್ಯ ತೋರಿಸುವ ಗೋದಲಿಯ ಗದ್ದೆಗೆ ಭತ್ತವೋ ರಾಗಿಯೋ ಮೊದಲೇ ಬಿತ್ತಿರಬೇಕು, ಇಲ್ಲದಿದ್ದರೆ ಇಪ್ಪತ್ನಾಲ್ಕಕ್ಕೆ ಹಸಿರು ಏಳುವುದಿಲ್ಲ. ಗಲ್ಫಿನಿಂದ ಬರುವ ಮೈದುನನ ಕುಟುಂಬಕ್ಕೆ ಕೋಣೆ ಆಗಬೇಕು. ನೆರೆಮನೆಗಳಿಗೆ ತಟ್ಟೆ ಹೋಗಬೇಕು. ಯಾವ ಮನೆಗೆ ಹೋಯಿತು, ಯಾವುದಕ್ಕೆ ತಪ್ಪಿತು ಎಂಬುದು ವರ್ಷವಿಡೀ ನೆನಪಿರುತ್ತದೆ.

ಈ ಕೆಲಸಗಳನ್ನು ನಾನು ಪ್ರೀತಿಸುತ್ತೇನೆ. ಒಂದನ್ನೂ ತೆಗಳುವುದಿಲ್ಲ. ನನ್ನ ಅಮ್ಮನ ಮನೆಯಲ್ಲಿ ಕಿಡ್ಯೊ ಮಾಡುವ ರಾತ್ರಿ ದೊಡ್ಡಮ್ಮ, ಇಬ್ಬರು ಅತ್ತೆಯರು, ಪಕ್ಕದ ಮನೆಯ ಅಕ್ಕ, ನಾವು ಮಕ್ಕಳು, ಎಲ್ಲರೂ ಚಾಪೆಯ ಮೇಲೆ ಸುತ್ತ ಕೂರುತ್ತಿದ್ದೆವು. ಬಾಚಣಿಗೆ ಸಾಲದಿದ್ದರೆ ಫೋರ್ಕು ಬರುತ್ತಿತ್ತು. ಜಪಸರ ಅಲ್ಲೇ ನಡೆಯುತ್ತಿತ್ತು, ಊರಿನ ಸುದ್ದಿಯೂ ಅಲ್ಲೇ. ನನ್ನ ಕೈಯಲ್ಲಿ ಮೂಡಿದ ಸೊಟ್ಟ ಸುರುಳಿ ದೊಡ್ಡಮ್ಮನ ನೀಟು ಸುರುಳಿಯ ಜೊತೆಗೇ ಅದೇ ಎಣ್ಣೆಗೆ ಬೀಳುತ್ತಿತ್ತು, ಅದೇ ಡಬ್ಬಿ ಸೇರುತ್ತಿತ್ತು.

ಆ ಚಾಪೆ ಈಗಿಲ್ಲ. ದೊಡ್ಡ ಮನೆ ಒಡೆದು ಫ್ಲ್ಯಾಟುಗಳಾದವು, ಅತ್ತೆಯರು ತೀರಿಕೊಂಡರು, ಅಕ್ಕತಂಗಿಯರು ದುಬೈ, ಬಹರೈನ್, ಬೆಂಗಳೂರು ಎಂದು ಹಂಚಿಹೋದರು. ಎಂಟು ಕೈಗಳು ಮಾಡುತ್ತಿದ್ದ ಕೆಲಸದ ಪಟ್ಟಿ ಮಾತ್ರ ಹಾಗೇ ಉಳಿದು ಎರಡು ಕೈಗಳಿಗೆ ಬಂತು. ಆ ಎರಡು ಕೈಗಳೂ ಸಂಜೆ ಆರರವರೆಗೆ ಬ್ಯಾಂಕಿನಲ್ಲಿರುತ್ತವೆ. ಅದರ ಮೇಲೆ ಫೋನು. ಮೊದಲು ನಿಮ್ಮ ನೆವ್ರಿಯ ಅಂಚು ಒಡೆದದ್ದು ನಿಮ್ಮ ಕೇರಿಗೆ ಮಾತ್ರ ಗೊತ್ತಾಗುತ್ತಿತ್ತು. ಈಗ ವಾಡೆಯ, ಅಂದರೆ ಚರ್ಚಿನ ನಮ್ಮ ವಾರ್ಡಿನ, ವಾಟ್ಸ್ಆ್ಯಪ್ ಗುಂಪಿನಲ್ಲಿ ಮೂವತ್ತು ಮನೆಗಳ ಕುಸ್ವಾರ್ ತಟ್ಟೆಗಳು ಸಾಲಾಗಿ ನಿಂತಿರುತ್ತವೆ, ರಾತ್ರಿ ಹನ್ನೊಂದಕ್ಕೆ ಒಬ್ಬಂಟಿಯಾಗಿ ಬಾಣಲೆಯ ಮುಂದೆ ನಿಂತವಳು ಅದನ್ನು ನೋಡುತ್ತಾಳೆ. ಆ ಹುಡುಗಿಯ ಎದೆ ಹೊಡೆದುಕೊಳ್ಳುವುದು ಅವಳ ದೌರ್ಬಲ್ಯದಿಂದಲ್ಲ. ಕೂಡಿ ಮಾಡುತ್ತಿದ್ದ ಹಬ್ಬವನ್ನು ಒಬ್ಬೊಬ್ಬರೇ ಬರೆಯುವ ಪರೀಕ್ಷೆ ಮಾಡಿಟ್ಟವರು ನಾವು.

ಪರೀಕ್ಷೆ ಎಂಬ ಮಾತನ್ನು ಯೋಚಿಸಿಯೇ ಬಳಸಿದ್ದೇನೆ. ನಮ್ಮ ಚರ್ಚಿನಲ್ಲಿ ವಾಡೆವಾರು ಗೋದಲಿ ಸ್ಪರ್ಧೆ ನಡೆಯುತ್ತದೆ. ನಿವೃತ್ತ ಶಿಕ್ಷಕಿ ಎಂದು ನನ್ನನ್ನು ತೀರ್ಪುಗಾರಳಾಗಿ ಕರೆಯುವುದುಂಟು. ಕೈಯಲ್ಲೊಂದು ಹಾಳೆ: ಕಲ್ಪನೆಗೆ ಇಷ್ಟು, ನೈಸರ್ಗಿಕ ವಸ್ತುಗಳ ಬಳಕೆಗೆ ಇಷ್ಟು, ಸಂದೇಶಕ್ಕೆ ಇಷ್ಟು. ಹೀಗೆ ಹೋದ ಒಂದು ಮನೆಯಲ್ಲಿ ಬೈಹುಲ್ಲಿನ ಗುಡಿಸಲು, ಕನ್ನಡಿಯ ಕೆರೆ, ಮರಳಿನ ದಾರಿ ಎಲ್ಲವೂ ಅಂದವಾಗಿತ್ತು. ನಾವು ಒಳಗೆ ಕಾಲಿಡುತ್ತಿದ್ದಂತೆ ಮನೆಯ ಯಜಮಾನರು ಲಗುಬಗೆಯಿಂದ ಬಗ್ಗಿ ಗುಡಿಸಲ ಬಾಗಿಲಿನಿಂದ ಏನನ್ನೋ ತೆಗೆದು ಜೇಬಿಗೆ ಹಾಕಿಕೊಂಡರು. ಐದು ವರ್ಷದ ಮಗ ಅಳತೊಡಗಿದ. ಅದು ಅವನ ಆಟಿಕೆಯ ಆಟೋರಿಕ್ಷಾ. ಬಾಲಯೇಸುವನ್ನು ನೋಡಲು ಅವನ ಆಟೋ ಬಂದಿತ್ತು. ಕುರುಬರ ಸಾಲಿನಲ್ಲಿ ಅದನ್ನೂ ನಿಲ್ಲಿಸಿದ್ದ. ನಾನು ಕೇಳಿಕೊಂಡ ಮೇಲೆ ಅಪ್ಪ ಅದನ್ನು ಮತ್ತೆ ಇಟ್ಟರು. ಆ ವರ್ಷ ನೋಡಿದ ಗೋದಲಿಗಳಲ್ಲಿ ಬೆತ್ಲೆಹೇಮಿಗೆ ಅತಿ ಹತ್ತಿರವಾಗಿದ್ದದ್ದು ಅದೇ ಎಂದು ನಾನು ಈಗಲೂ ನಂಬಿದ್ದೇನೆ.

ಏಕೆಂದರೆ ಗೋದಲಿ ಶುರುವಾದದ್ದೇ ಹಾಗೆ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅದನ್ನು ಮಾಡಿಸಿದರು. ಅಲ್ಲಿದ್ದದ್ದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಬಣ್ಣದ ಬೊಂಬೆಗಳಿರಲಿಲ್ಲ. ಸುತ್ತಲಿನ ಜನ ಮೇಣದಬತ್ತಿ, ಪಂಜು ಹಿಡಿದು ಬಂದರು. ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು, ಫ್ರಾನ್ಸಿಸ್ ಶುಭಸಂದೇಶವನ್ನು ಹಾಡಿದರು. ಯೇಸು ಹುಟ್ಟಿದಾಗ ಏನೇನು ಇರಲಿಲ್ಲ ಎಂಬುದನ್ನು ಜನ ಕಣ್ಣಾರೆ ಕಾಣಲಿ ಎಂಬುದು ಅವರ ಆಸೆಯಾಗಿತ್ತು. ಇಲ್ಲದಿರುವುದನ್ನು ತೋರಿಸಲೆಂದು ಮಾಡಿದ್ದು ನಮ್ಮ ಕೈಯಲ್ಲಿ ಇರುವುದನ್ನು ತೋರಿಸುವ ಸ್ಪರ್ಧೆಯಾಯಿತು.

ಲೂಕನ ಶುಭಸಂದೇಶದ ಎರಡನೇ ಅಧ್ಯಾಯವನ್ನು ಒಮ್ಮೆ ಮನೆ ನಡೆಸುವವಳ ಕಣ್ಣಿನಿಂದ ಓದಿ. ತುಂಬು ಬಸುರಿಯ ಪ್ರಯಾಣ, ಅದೂ ಯಾರದೋ ಸಾಮ್ರಾಜ್ಯದ ಜನಗಣತಿಗಾಗಿ. ತಂಗಲು ಜಾಗವಿಲ್ಲ. ತೊಟ್ಟಿಲಿಲ್ಲ, ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೇವಿನ ತೊಟ್ಟಿಯಲ್ಲಿ ಮಲಗಿಸುತ್ತಾಳೆ. ಮೊದಲು ನೋಡಲು ಬರುವವರು ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದ ಕುರುಬರು, ಹೇಳದೆ ಕೇಳದೆ ಬರುತ್ತಾರೆ. ಅವರಿಗೆ ಮರಿಯ ಏನು ಉಪಚಾರ ಮಾಡಿದಳೆಂದು ಲೂಕ ಬರೆದಿಲ್ಲ. ಅವಳು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದಳು ಎಂದಷ್ಟೇ ಬರೆದಿದ್ದಾನೆ. ದೇವರು ಈ ಲೋಕಕ್ಕೆ ಬರಲು ಯಾರ ಸಿದ್ಧತೆಯೂ ಮುಗಿಯುವವರೆಗೆ ಕಾಯಲಿಲ್ಲ. ಕ್ರೈಸ್ತಳಾಗಿ ನಾನು ನಂಬಿರುವ ವಿಷಯಗಳಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟಿರುವುದು ಇದು.

ಎಲ್ಲವೂ ನಮ್ಮ ಸಿದ್ಧತೆಯ ಮೇಲೆ ನಿಂತಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ಧರ್ಮಸಭೆ ಬಹಳ ಹಿಂದೆಯೇ ಎದುರಿಸಿದೆ. ಐದನೇ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಎಂಬ ಸನ್ಯಾಸಿ, ಮನುಷ್ಯ ಗಟ್ಟಿ ಮನಸ್ಸು ಮಾಡಿದರೆ ತನ್ನ ಪ್ರಯತ್ನದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂದು ಕಲಿಸಿದ. ಕೇಳಲು ಇದು ಹುರುಪಿನ ಮಾತು. ಹಿಪ್ಪೋದ ಬಿಷಪ್ ಅಗಸ್ಟೀನರಿಗೆ ಇದರೊಳಗಿನ ಕ್ರೌರ್ಯ ಕಂಡಿತು. ಎಲ್ಲವೂ ನಿನ್ನ ಪ್ರಯತ್ನದ ಮೇಲೆ ನಿಂತಿದೆ ಎಂದರೆ, ಸೋತಾಗ ನಿನಗೆ ಯಾರೂ ಇಲ್ಲ ಎಂದೇ ಅರ್ಥ. ದೇವರ ಕೃಪೆಯೇ ಮೊದಲು, ನಮ್ಮ ಒಳ್ಳೆಯತನ ಅದರ ಹಿಂದೆ ಬರುವುದು ಎಂದು ಅವರು ವಾದಿಸಿದರು. 418ರ ಕಾರ್ಥೇಜ್ ಸಭೆ ಪೆಲಾಗಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ಆದರೆ ನಮ್ಮ ಅಡುಗೆಮನೆಗಳಿಂದ ಅದನ್ನು ಯಾರೂ ತಳ್ಳಿಹಾಕಲಿಲ್ಲ. ಎಲ್ಲವೂ ಸರಿಯಾಗಿ ಆದರೆ ಮಾತ್ರ ಈ ಮನೆಗೆ ಹಬ್ಬ ಬರುತ್ತದೆ, ತಪ್ಪಿದರೆ ತಪ್ಪು ನನ್ನದೇ ಎಂದು ಒಬ್ಬಾಕೆ ಒಲೆಯ ಮುಂದೆ ನಿಂತು ನಂಬಿದಾಗ, ಪೆಲಾಗಿಯಸ್ ಗೆದ್ದಿರುತ್ತಾನೆ.

ಸಂತರೂ ಈ ನೋವನ್ನು ಉಂಡವರೇ. ಯೇಸುಸಭೆಯ ಸ್ಥಾಪಕರಾದ ಲೊಯೊಲಾದ ಇಗ್ನೇಷಿಯಸರನ್ನು ಸಂತ ಅಲೋಶಿಯಸ್ ಕಾಲೇಜಿನ ನೆರಳಿನಲ್ಲಿ ಓದಿದ ಮಂಗಳೂರಿಗರಿಗೆ ಪರಿಚಯಿಸಬೇಕಿಲ್ಲ. ಸೈನಿಕ ಜೀವನ ಬಿಟ್ಟು 1522ರಲ್ಲಿ ಮನ್ರೇಸಾಕ್ಕೆ ಬಂದ ಅವರನ್ನು ಒಂದೇ ಸಂಶಯ ತಿಂದಿತು: ಪಾಪನಿವೇದನೆಯಲ್ಲಿ ಏನೋ ಬಿಟ್ಟುಹೋಯಿತೇನೋ. ಮತ್ತೆ ಮತ್ತೆ ಗುರುಗಳ ಬಳಿ ಹೋಗುತ್ತಿದ್ದರು, ಹಳೆಯದನ್ನೇ ಇನ್ನೂ ಸಣ್ಣದಾಗಿ ಕೆದಕುತ್ತಿದ್ದರು, ನೆಮ್ಮದಿ ಸಿಗುತ್ತಿರಲಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಅದು ಅವರನ್ನು ಎಳೆದೊಯ್ದಿತ್ತು. ಕೊನೆಗೆ, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ತೀರ್ಮಾನಿಸಿದಾಗ ಬಿಡುಗಡೆಯಾಯಿತು. ಅವರನ್ನು ಉಳಿಸಿದ್ದು ಇನ್ನಷ್ಟು ಶುದ್ಧವಾದ ನಿವೇದನೆಯಲ್ಲ, ಕ್ಷಮೆ ಆಗಲೇ ಸಿಕ್ಕಿದೆ ಎಂಬ ನಂಬಿಕೆ.

ಫ್ರಾನ್ಸಿನ ಲಿಸಿಯೋದ ಸಂತ ತೆರೇಸಾ, ನಾವು ಬಾಲಯೇಸುವಿನ ತೆರೇಸಾ ಎಂದು ಕರೆಯುವವಳು, ಹುಡುಗಿಯಾಗಿದ್ದಾಗ ಇದೇ ಪಾಪಭೀತಿಯಲ್ಲಿ ಬೆಂದವಳು. ಸಣ್ಣ ಮಾತಿಗೂ ಅಳು. 1886ರ ಕ್ರಿಸ್‌ಮಸ್, ಆಗ ಅವಳಿಗೆ ಹದಿಮೂರು. ನಡುರಾತ್ರಿಯ ಬಲಿಪೂಜೆಯಿಂದ ಬಂದಾಗ, ಬೂಟುಗಳಲ್ಲಿ ಉಡುಗೊರೆ ಇಡುವ ಈ ಚಿಕ್ಕಮಕ್ಕಳಾಟಕ್ಕೆ ಸದ್ಯ ಇದೇ ಕೊನೆಯ ವರ್ಷ ಎಂದು ದಣಿದ ಅಪ್ಪ ಬೇಸರದಲ್ಲಿ ಆಡಿದ ಮಾತು ಅವಳ ಕಿವಿಗೆ ಬಿತ್ತು. ಮೆಟ್ಟಿಲ ಮೇಲಿದ್ದವಳು ಕಣ್ಣೀರು ತಡೆದುಕೊಂಡು ಕೆಳಗಿಳಿದಳು, ಅಪ್ಪನ ಮುಂದೆ ಕೂತು ನಗುನಗುತ್ತ ಉಡುಗೊರೆ ಬಿಚ್ಚಿದಳು. ಅಪ್ಪನೂ ನಕ್ಕರು. ಆ ರಾತ್ರಿಯನ್ನೇ ತನ್ನ ಬದುಕಿನ ತಿರುವು ಎಂದು ಅವಳು ಮುಂದೆ ಬರೆದಳು. ಅಂದಿನ ಹಬ್ಬ ಅಂದುಕೊಂಡಂತೆ ಆಗಿರಲಿಲ್ಲ ಎಂಬುದನ್ನು ಗಮನಿಸಿ. ಅಪ್ಪ ದಣಿದಿದ್ದರು, ಮಾತು ಚುಚ್ಚಿತ್ತು. ಕೃಪೆ ಬಂದದ್ದು ಅದೇ ಕೆಟ್ಟುಹೋದ ಗಳಿಗೆಯೊಳಗಿನಿಂದ. 24 ವರ್ಷಕ್ಕೆ ತೀರಿಕೊಂಡ ಈ ಹುಡುಗಿಯನ್ನು 1997ರಲ್ಲಿ ಧರ್ಮಸಭೆ ತನ್ನ ಮಹಾಬೋಧಕರ ಸಾಲಿಗೆ ಸೇರಿಸಿತು.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಪರ್ವತ ಪ್ರಸಂಗದಲ್ಲಿ ಯೇಸುವೇ ಪರಲೋಕದ ತಂದೆಯಂತೆ ಪರಿಪೂರ್ಣರಾಗಿರಿ ಎಂದರಲ್ಲ? ಹೌದು, ಮತ್ತಾಯನ ಐದನೇ ಅಧ್ಯಾಯದ ಕೊನೆಯ ಮಾತು ಅದು. ಆದರೆ ಅದಕ್ಕೆ ಮುಂಚಿನ ಮಾತುಗಳನ್ನು ಬಿಟ್ಟು ಓದಬಾರದು. ತಂದೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯ ಉದಯಿಸುವಂತೆ ಮಾಡುತ್ತಾರೆ, ಎಲ್ಲರಿಗೂ ಮಳೆ ಸುರಿಸುತ್ತಾರೆ, ನೀವೂ ಶತ್ರುಗಳನ್ನು ಪ್ರೀತಿಸಿ ಎನ್ನುತ್ತ ಬಂದು ಯೇಸು ಆ ಮಾತಿಗೆ ಮುಟ್ಟುತ್ತಾರೆ. ಯೇಸು ಕೇಳುವ ಪರಿಪೂರ್ಣತೆ ಲೆಕ್ಕವಿಡದ ಔದಾರ್ಯ. ಈ ಅಳತೆಯಲ್ಲಿ ನೋಡಿದರೆ, ಅಂಚು ಒಡೆಯದ ನೂರು ನೆವ್ರಿ ಮಾಡಿ, ನಡುವೆ ಅಡುಗೆಮನೆಗೆ ಬಂದ ಮಗುವನ್ನು ಗದರಿದ ದಿನಕ್ಕಿಂತ, ಬೇಕರಿಯಿಂದ ಕುಸ್ವಾರ್ ಪೊಟ್ಟಣ ತಂದು, ಮುನಿಸಿಕೊಂಡಿದ್ದ ನಾದಿನಿಯ ಮನೆಗೆ ಮೊದಲು ಕೊಂಡೊಯ್ದ ದಿನವೇ ಪರಿಪೂರ್ಣ.

ಇನ್ನೊಂದು ಆಕ್ಷೇಪ ಮಾರ್ಥಳ ಕಡೆಯಿಂದ ಬರುತ್ತದೆ. ಲೂಕನ ಹತ್ತನೇ ಅಧ್ಯಾಯದಲ್ಲಿ ಅತಿಥಿಗಾಗಿ ದುಡಿಯುತ್ತಿದ್ದ ಮಾರ್ಥಳಿಗೆ ಯೇಸು, ಹಲವು ವಿಷಯಗಳಿಗೆ ಚಿಂತಿಸಿ ತಳಮಳಗೊಳ್ಳುತ್ತೀ ಎಂದರು, ಪಾದದ ಬಳಿ ಕೂತ ಅವಳ ತಂಗಿ ಮರಿಯಳನ್ನು ಮೆಚ್ಚಿದರು. ಈ ಪ್ರಸಂಗದ ಪ್ರವಚನ ಕೇಳಿ ಮನೆಗೆ ಬಂದ ಹೆಂಗಸರು, ಎಲ್ಲರೂ ಕೂತುಬಿಟ್ಟರೆ ಊಟ ಯಾರು ಮಾಡುವುದು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ಯೊವಾನ್ನನ ಶುಭಸಂದೇಶ ತೆಗೆದುಕೊಡುತ್ತೇನೆ. ಹನ್ನೊಂದನೇ ಅಧ್ಯಾಯದಲ್ಲಿ, ತಮ್ಮ ಲಾಜರ ಸತ್ತಾಗ ಎದ್ದು ಹೋಗಿ ಯೇಸುವನ್ನು ಎದುರುಗೊಂಡು, ನೀನೇ ಕ್ರಿಸ್ತ ಎಂದು ನಂಬಿಕೆ ಸಾರಿದವಳು ಇದೇ ಮಾರ್ಥ. ಹನ್ನೆರಡನೇ ಅಧ್ಯಾಯದಲ್ಲಿ ಬೆಥನಿಯಲ್ಲಿ ಮತ್ತೊಂದು ಊಟ. ಆ ದಿನವೂ ಬಡಿಸುತ್ತಿದ್ದವಳು ಮಾರ್ಥಳೇ. ತಂಗಿ ಆ ದಿನವೂ ಪಾದದ ಬಳಿಯೇ ಇದ್ದಳು, ದುಬಾರಿ ಸುಗಂಧತೈಲ ಸುರಿಯುತ್ತಿದ್ದಳು. ಈ ಬಾರಿ ಮಾರ್ಥಳ ದೂರಿಲ್ಲ, ಗೊಣಗಿಲ್ಲ. ಅವಳು ಕೆಲಸ ಬಿಟ್ಟಿಲ್ಲ, ತಳಮಳ ಬಿಟ್ಟಿದ್ದಾಳೆ. ಬಡಿಸುತ್ತಲೇ ನೆಮ್ಮದಿಯಾಗಿರಲು ಸಾಧ್ಯ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡು ಊಟಗಳ ನಡುವೆ ಅವಳಿಗೆ ಏನಾಯಿತು? ಅವಳ ಮನೆಗೆ ಸಾವು ಬಂದಿತ್ತು. ಯಾವ ಕೆಲಸದಿಂದಲೂ ಸರಿಪಡಿಸಲಾಗದ್ದು ಎದುರು ನಿಂತಿತ್ತು. ಆಗ ಅವಳ ಮನೆಗೆ ಜನ ಬಂದರು, ಯೇಸು ಬಂದರು, ತಮ್ಮನನ್ನು ಅವಳು ಮರಳಿ ಪಡೆದಳು. ಕೊಡುತ್ತಲೇ ಇದ್ದವಳು ಪಡೆಯುವವಳಾದಳು.

ಇದು ನನಗೆ ಪುಸ್ತಕದಿಂದಷ್ಟೇ ತಿಳಿದದ್ದಲ್ಲ. ನನ್ನ ಗಂಡ ತೀರಿಕೊಂಡದ್ದು ಒಂದು ನವೆಂಬರಿನಲ್ಲಿ. ಆ ವರ್ಷ ಮನೆಯಲ್ಲಿ ಎಣ್ಣೆ ಕಾಯಿಸಲಿಲ್ಲ, ನಕ್ಷತ್ರ ಕಟ್ಟಲಿಲ್ಲ. ಇಪ್ಪತ್ನಾಲ್ಕರ ಸಂಜೆಯಿಂದ ಬಾಗಿಲು ಬಡಿಯುವ ಸದ್ದು ಶುರುವಾಯಿತು. ಪ್ರತಿವರ್ಷ ನಮ್ಮ ತಟ್ಟೆ ಹೋಗುತ್ತಿದ್ದ ಮನೆಗಳಿಂದ ತಟ್ಟೆಗಳು ಬಂದವು. ಎದುರುಮನೆಯ ಭಟ್ಟರ ಹೆಂಡತಿ ಹೆಸರುಬೇಳೆ ಪಾಯಸ ತಂದರು. ಹಿಂದಿನ ಮನೆಯ ಬ್ಯಾರಿ ಅಕ್ಕ ಪತ್ತಿರಿ ತಂದು, ನನ್ನನ್ನು ಮಾತಾಡಿಸದೆ ಸುಮ್ಮನೆ ಪಕ್ಕದಲ್ಲಿ ಕೂತರು. ವಾಡೆಯ ಮೂರು ಮನೆಗಳಿಂದ ಕುಸ್ವಾರ್ ಬಂತು, ಒಂದರಲ್ಲಿ ಕೊಕ್ಕಿಸಾಂ ಕರಟಿತ್ತು, ಎಲ್ಲಕ್ಕಿಂತ ಮೊದಲು ನಾನು ತಿಂದದ್ದು ಅದನ್ನೇ. ತಿರುಗಿ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಖಾಲಿ ತಟ್ಟೆ ಕಳಿಸಬಾರದೆಂಬ ನಮ್ಮ ಕಡೆಯ ರೂಢಿಯಂತೆ ಚಿಟಿಕೆ ಸಕ್ಕರೆ ಹಾಕಿ ಕೊಟ್ಟೆ. ಯೇಸುವಿನ ಜನನದ ಅರ್ಥ ನನ್ನೊಳಗೆ ಇಳಿದದ್ದು ಆ ವರ್ಷ. ನಾನು ಸಿದ್ಧಳಾಗಿರಲಿಲ್ಲ, ಆದರೂ ಹಬ್ಬ ಬಂತು, ನನ್ನ ಹೆಸರು ಹಿಡಿದು ಬಂತು.

ಎಲ್ಲವನ್ನೂ ತಾನೇ ಸರಿಯಾಗಿ ಮಾಡಬೇಕೆಂಬ ಹಟದಲ್ಲಿ ಪಡೆಯಲು ಒಲ್ಲದ ಮನಸ್ಸೊಂದು ಅಡಗಿರುತ್ತದೆ ಎಂದು ಅಂದಿನಿಂದ ನಾನು ನಂಬಿದ್ದೇನೆ. ಸದಾ ಕೊಡುವವರಾಗಿರುವುದು ಸುರಕ್ಷಿತ, ಯಾರ ಹಂಗೂ ಇಲ್ಲ. ಪಡೆಯಲು ನಮ್ಮ ಕೊರತೆ ಇನ್ನೊಬ್ಬರಿಗೆ ಕಾಣಬೇಕಾಗುತ್ತದೆ. ಕ್ರಿಸ್‌ಮಸ್ಸಿನಲ್ಲಿ ದೇವರು ಮಾಡಿದ್ದು ಅದನ್ನೇ. ತೊಡಿಸುವವರು, ಉಣಿಸುವವರು, ಎತ್ತಿಕೊಳ್ಳುವವರು ಬೇಕಾದ ಕೂಸಾಗಿ ಬಂದರು.

ಈ ಮಾತನ್ನು ಬದುಕಿ ತೋರಿಸಿದ ಒಬ್ಬಾಕೆ ನಮ್ಮ ಊರಿನಲ್ಲೇ ಇದ್ದರು. ಮರಿಯಂ ಬವಾರ್ದಿ 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಗಂಡುಕೂಸುಗಳನ್ನು ಒಂದರ ಹಿಂದೊಂದು ಕಳೆದುಕೊಂಡಿದ್ದ ತಂದೆತಾಯಿ ಬೆತ್ಲೆಹೇಮಿಗೆ ನಡೆದುಹೋಗಿ ಹರಕೆ ಹೊತ್ತು ಪಡೆದ ಮಗಳು. ಪುಟ್ಟ ವಯಸ್ಸಿನಲ್ಲೇ ಅನಾಥೆಯಾದರು, ಮನೆಗೆಲಸ ಮಾಡಿ ಬದುಕಿದರು. ಕಾರ್ಮೆಲ್ ಸನ್ಯಾಸಿನಿಯಾಗಿ 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ತಂಡದಲ್ಲಿ ಅವರಿದ್ದರು. ಮರುವರ್ಷ ಇಲ್ಲೇ ವ್ರತ ತೊಟ್ಟರು. ಓದುಬರಹ ಬಾರದ, ಮಠದ ದೈಹಿಕ ಕೆಲಸಕ್ಕೆ ನಿಂತ ಸೋದರಿ. ತಮ್ಮನ್ನು ಪುಟ್ಟ ಶೂನ್ಯ ಎಂದು ಕರೆದುಕೊಳ್ಳುತ್ತಿದ್ದರು. ಅವರ ಆಧ್ಯಾತ್ಮಿಕ ಅನುಭವಗಳು ಇಲ್ಲಿನವರಿಗೆ ಅರ್ಥವಾಗದೆ ಸಂಶಯ ಹುಟ್ಟಿ, 1872ರಲ್ಲಿ ಅವರನ್ನು ಫ್ರಾನ್ಸಿಗೆ ವಾಪಸ್ ಕಳಿಸಲಾಯಿತು. ಲೋಕದ ಲೆಕ್ಕದಲ್ಲಿ ಅದು ಸೋಲು. ಮೂರು ವರ್ಷಗಳ ನಂತರ ಅದೇ ಮರಿಯಂ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಮುಂದಾದರು. 1878ರಲ್ಲಿ ಕಟ್ಟಡದ ಕೆಲಸಗಾರರಿಗೆ ನೀರು ಒಯ್ಯುತ್ತಿದ್ದಾಗ ಬಿದ್ದು ಕೈ ಮುರಿಯಿತು, ಗಾಯ ಕೊಳೆತು ತೀರಿಕೊಂಡರು. ಕೆಲಸ ಇನ್ನೂ ನಡೆಯುತ್ತಿರುವಾಗಲೇ ಅವರು ಹೋದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತಳೆಂದು ಘೋಷಿಸಿದರು. ಕಂಕನಾಡಿಯ ಕಾರ್ಮೆಲ್ ಮಠದ ಮುಂದೆ ಹಾದುಹೋಗುವಾಗ, ಅರ್ಧದಲ್ಲಿ ನಿಂತ ನಮ್ಮ ಕೆಲಸಗಳೂ ದೇವರ ಕೈಯಲ್ಲಿ ಪೂರ್ಣವಾಗಬಲ್ಲವು ಎಂದು ನನಗೆ ಅನಿಸುತ್ತದೆ.

ಇನ್ನು ಮಾಡಬಹುದಾದ್ದರ ಬಗ್ಗೆ. ಧರ್ಮಸಭೆಯ ಪಂಚಾಂಗವೇ ನಮ್ಮ ಮೇಲೆ ಕರುಣೆ ತೋರಿದೆ. ಡಿಸೆಂಬರ್ 25 ಕ್ರಿಸ್‌ಮಸ್ ಮುಗಿಯುವ ದಿನವಲ್ಲ, ಶುರುವಾಗುವ ದಿನ. ಅದಕ್ಕೆ ಮುಂಚಿನ ನಾಲ್ಕು ವಾರಗಳು ಕಾಯುವುದಕ್ಕೆ, ನಂತರದ ದಿನಗಳು ಸಂಭ್ರಮಕ್ಕೆ. ನಾವು ಸಂಭ್ರಮವನ್ನೆಲ್ಲ ಕಾಯುವ ವಾರಗಳಿಗೆ ತುರುಕಿ, ಇಪ್ಪತ್ತಾರಕ್ಕೆ ನಕ್ಷತ್ರ ಬಿಚ್ಚುತ್ತೇವೆ. ನೆವ್ರಿ ಇಪ್ಪತ್ತೆಂಟಕ್ಕೆ ಆದರೂ ಅದು ಕ್ರಿಸ್‌ಮಸ್ ನೆವ್ರಿಯೇ. ನೆರೆಮನೆಗೆ ತಟ್ಟೆ ಜನವರಿ ಮೂರಕ್ಕೆ ಹೋದರೂ ಹಬ್ಬದೊಳಗೇ ಹೋದಂತೆ. ಪೂರ್ವ ದೇಶದ ಜ್ಞಾನಿಗಳು ತಡವಾಗಿಯೇ ಬಂದರು, ದಾರಿ ಕೇಳಲು ಬೇರೆ ಅರಮನೆಗೆ ಹೋಗಿ ಬಂದರು. ಅವರನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಜನವರಿ 6ನ್ನೇ ಅವರಿಗೆ ಹಬ್ಬವಾಗಿ ಕೊಟ್ಟಿದ್ದೇವೆ, ಮೂವರು ರಾಯರ ಹಬ್ಬ ಎನ್ನುತ್ತೇವೆ.

ಆ ಹುಡುಗಿಗೆ ಹೇಳುವುದಿಷ್ಟು. ಮಗಳೇ, ಕುಸ್ವಾರಿನ ಪಟ್ಟಿಯಿಂದ ನಿನಗೆ ಮಾಡಲು ಖುಷಿಯಾಗುವ ಎರಡನ್ನು ಇಟ್ಟುಕೋ. ಅವನ್ನು ಮಕ್ಕಳ ಜೊತೆ, ಸೊಟ್ಟಂಬಟ್ಟ ಮಾಡು. ಉಳಿದದ್ದನ್ನು ಕೊಂಡುಕೋ ಅಥವಾ ಬಿಡು. ಪಾಪನಿವೇದನೆಯಲ್ಲಿ ಇದನ್ನು ಹೇಳಬೇಡ, ಇದು ಪಾಪಗಳ ಪಟ್ಟಿಯಲ್ಲಿಲ್ಲ.

ಆದರೆ ಅವಳೊಬ್ಬಳಿಗೆ ಬುದ್ಧಿ ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಅವಳ ಹೆದರಿಕೆಯನ್ನು ಕಟ್ಟಿದ್ದು ನಮ್ಮೆಲ್ಲರ ಕಣ್ಣುಗಳು. ಗಂಡಸರೇ, ಬಾಚಣಿಗೆ ಹಿಡಿದು ನೆಲಕ್ಕೆ ಕೂರಿ, ಕಿಡ್ಯೊ ಸುತ್ತಲು ಹೆಂಗಸಿನ ಕೈಯೇ ಬೇಕೆಂದು ಯಾವ ಶುಭಸಂದೇಶವೂ ಹೇಳಿಲ್ಲ. ಅತ್ತೆಯಂದಿರೇ, ಈ ವರ್ಷ ಸೊಸೆಯ ತಟ್ಟೆಯನ್ನು ಪಕ್ಕದ ಮನೆಯ ತಟ್ಟೆಯ ಜೊತೆ ತೂಗಬೇಡಿ. ಇನ್ನು ನಾನು, ಗೋದಲಿ ನೋಡಲು ಕರೆದರೆ ಖಂಡಿತ ಹೋಗುತ್ತೇನೆ, ಪ್ರತಿ ಮನೆಯಲ್ಲೂ ಪ್ರಾರ್ಥಿಸಿ ಬರುತ್ತೇನೆ, ಅಂಕದ ಹಾಳೆ ಬೇಡವೆಂದು ಗುರುಗಳಿಗೆ ಈಗಲೇ ತಿಳಿಸಿದ್ದೇನೆ. ಅವರು ಒಪ್ಪಿದ್ದಾರೆ.